ತೆರೆದ ಬಲೆಯ ಸಾಲ್ಮನ್: ತುಂಡು ಚೊಕ್ಕ, ಚೀಟಿ ಅಪೂರ್ಣ

ಅಟ್ಲಾಂಟಿಕ್ ಸಾಲ್ಮನ್ ಎಂಬ ಹೆಸರಿನಲ್ಲಿ ಇಂದು ಜಗತ್ತಿನ ಮಾರುಕಟ್ಟೆಗೆ ಬರುವ ಮೀನು ಹೆಚ್ಚುಕಡಿಮೆ ಎಲ್ಲವೂ ಸಾಕಿದ್ದು. ಅದರಲ್ಲಿ ಅರ್ಧದಷ್ಟು ನಾರ್ವೆಯಿಂದ ಬರುತ್ತದೆ. ಉಳಿದದ್ದು ಮುಖ್ಯವಾಗಿ ಚಿಲಿ, ಸ್ಕಾಟ್ಲೆಂಡ್, ಕೆನಡಾ ಮತ್ತು ಫ್ಯಾರೋ ದ್ವೀಪಗಳದ್ದು. ದೇಶ ಯಾವುದಾದರೂ ಸಾಕುವ ಕ್ರಮ ಬಹುಮಟ್ಟಿಗೆ ಒಂದೇ: ಮರಿ ಸಿಹಿನೀರಿನ ತೊಟ್ಟಿಯಲ್ಲಿ ಬೆಳೆಯುತ್ತದೆ, ಆಮೇಲೆ ಕರಾವಳಿಯ ಉಪ್ಪುನೀರಿನಲ್ಲಿ ತೇಲುವ ಬಲೆಪಂಜರಕ್ಕೆ ಹೋಗುತ್ತದೆ, ಅಲ್ಲಿ ಒಂದೆರಡು ವರ್ಷಗಳಲ್ಲಿ ನಾಲ್ಕೈದು ಕಿಲೋ ತೂಗಿ ಕಟಾವಿಗೆ ಬರುತ್ತದೆ. ಈ ವಿಮರ್ಶೆ ಆ ಸರಕಿನ ಬಗ್ಗೆ. ಮೀನಿನ ತುಂಡನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಬಣ್ಣ, ಕೊಬ್ಬು, ವಾಸನೆ, ತಾಜಾತನ ಇವಿಷ್ಟನ್ನೇ ನೋಡುತ್ತಾರೆ. ನಾನು ಅವುಗಳ ಜೊತೆಗೆ ಇನ್ನೆರಡು ವಿಷಯಗಳನ್ನು ಸೇರಿಸಿಕೊಂಡಿದ್ದೇನೆ: ಬಲೆಯ ಹೊರಗೆ ಈಜುವ ಸಹಜ ಮೀನಿಗೆ ಇದರಿಂದ ತಗಲುವ ರೋಗ ಎಷ್ಟು, ಮತ್ತು ಪೊಟ್ಟಣದ ಮೇಲಿನ ಚೀಟಿ ಅದರ ಬಗ್ಗೆ ಏನಾದರೂ ಹೇಳುತ್ತದೆಯೇ.

ತಿನ್ನುವವರ ದೃಷ್ಟಿಯಿಂದ ಹೇಳಬೇಕಾದ್ದು ಕಡಿಮೆ, ಏಕೆಂದರೆ ದೂರುವುದಕ್ಕೆ ಹೆಚ್ಚೇನೂ ಇಲ್ಲ. ಮಾಂಸ ಮೆತ್ತಗಿರುತ್ತದೆ, ಕೊಬ್ಬು ಧಾರಾಳವಾಗಿರುತ್ತದೆ, ಹೆಚ್ಚು ಬೇಯಿಸಿದರೂ ಪೆಸಿಫಿಕ್ ಸಾಗರದ ಸಾಕ್‌ಐ ಸಾಲ್ಮನ್ನಿನಂತೆ ಬೇಗ ಒಣಗುವುದಿಲ್ಲ. ವರ್ಷದ ಯಾವ ತಿಂಗಳಲ್ಲಿ ಕೊಂಡರೂ ಗುಣ ಹೆಚ್ಚು ಬದಲಾಗುವುದಿಲ್ಲ. ಕಿತ್ತಳೆ ಬಣ್ಣ ಆಹಾರಕ್ಕೆ ಬೆರೆಸಿದ ಅಸ್ಟಾಕ್ಸಾಂಥಿನ್‌ನಿಂದ ಬಂದದ್ದು. ಸಹಜ ಸಾಲ್ಮನ್ನಿಗೂ ಇದೇ ವಸ್ತು ಸಿಗಡಿಯಂಥ ಚಿಪ್ಪುಜೀವಿಗಳಿಂದ ಸಿಗುವುದರಿಂದ ಇದನ್ನೊಂದು ಮೋಸವೆಂದು ದೂರುವವರ ಜೊತೆ ನಾನು ಸೇರುವುದಿಲ್ಲ. ಮುಂದೆ ವಿವರಿಸುವ ವೈರಸ್‌ಗಳಾಗಲಿ ಹೇನುಗಳಾಗಲಿ ತಿನ್ನುವ ಮನುಷ್ಯರಿಗೆ ತಗಲುವಂಥವಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಈ ಸರಕಿನ ದೋಷ ತಟ್ಟೆಗೆ ಬರುವುದಿಲ್ಲ, ಸಮುದ್ರದಲ್ಲಿಯೇ ಉಳಿಯುತ್ತದೆ. ಆದ್ದರಿಂದಲೇ ಅದು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ದೋಷ ಇರುವುದು ಬಲೆಯ ರಚನೆಯಲ್ಲಿ. ದೊಡ್ಡ ಪಂಜರವೊಂದರ ಸುತ್ತಳತೆ 160 ಮೀಟರಿನಷ್ಟಿರುತ್ತದೆ. ನಾರ್ವೆಯ ನಿಯಮದಂತೆ ಒಂದು ಪಂಜರದಲ್ಲಿ 2,00,000 ಮೀನುಗಳವರೆಗೆ ಇಡಬಹುದು. ಒಂದು ಘನ ಮೀಟರ್ ನೀರಿಗೆ 25 ಕಿಲೋ ಮೀನು ಎಂಬುದು ಸಾಂದ್ರತೆಯ ಮಿತಿ. ಸಮುದ್ರದ ಸೆಳೆತ ಒಂದು ಬದಿಯಿಂದ ಆಮ್ಲಜನಕವನ್ನು ಒಳಗೆ ತಂದು ಇನ್ನೊಂದು ಬದಿಯಿಂದ ಹೇಲು, ಉಳಿದ ಆಹಾರ ಎಲ್ಲವನ್ನೂ ಹೊರಗೆ ಒಯ್ಯುತ್ತದೆ. ಈ ಕೆಲಸಕ್ಕೆ ಸಮುದ್ರ ಕೂಲಿ ಕೇಳುವುದಿಲ್ಲವಾದ್ದರಿಂದಲೇ ಸರಕು ಇಷ್ಟು ಅಗ್ಗವಾಗಿ, ಇಷ್ಟು ಹೇರಳವಾಗಿ ಸಿಗುತ್ತದೆ. ಆದರೆ ಬಲೆಯ ಕಣ್ಣು ತಡೆಯುವುದು ಮೀನನ್ನು ಮಾತ್ರ. ವೈರಸ್, ಬ್ಯಾಕ್ಟೀರಿಯಾ, ಪರೋಪಜೀವಿಯ ಮರಿ ಇವು ಎರಡೂ ದಿಕ್ಕಿನಲ್ಲಿ ಸರಾಗವಾಗಿ ಓಡಾಡುತ್ತವೆ. ಮೊದಲು ರೋಗ ಬರುವುದು ಬಹಳ ಸಲ ಹೊರಗಿನ ಸಹಜ ಮೀನಿನಿಂದಲೇ ಎಂದು ಸಾಕಣೆದಾರರು ಹೇಳುವುದು ಸುಳ್ಳಲ್ಲ. ಆದರೆ ಹೊರಗೆ ಚದುರಿ ತೆಳುವಾಗಿದ್ದ ರೋಗ ಒಳಗೆ ಲಕ್ಷಗಟ್ಟಲೆ ಮೀನುಗಳ ನಡುವೆ ಬೆಳೆದು, ಹಲವು ಪಟ್ಟಾಗಿ ಮತ್ತೆ ಹೊರಗೆ ಹೋಗುತ್ತದೆ ಎಂಬುದು ಆ ಮಾತಿನ ಉಳಿದರ್ಧ.

ಇದರ ಹಿಂದೆ ಋತುಮಾನದ ಒಂದು ಲೆಕ್ಕವಿದೆ. ಸಹಜ ಸ್ಥಿತಿಯಲ್ಲಿ ಬಲಿತ ಸಾಲ್ಮನ್ ಶರತ್ಕಾಲದ ಹೊತ್ತಿಗೆ ಕರಾವಳಿಯನ್ನು ಬಿಟ್ಟು ಹೊಳೆಯೇರಿ ಮೊಟ್ಟೆಯಿಡುತ್ತದೆ. ಸಾಲ್ಮನ್ನಿನ ಮೈಗೆ ಅಂಟಿಕೊಳ್ಳುವ ಪರೋಪಜೀವಿಯಾದ ಕಡಲ ಹೇನು ಸಿಹಿನೀರಿನಲ್ಲಿ ಬದುಕುವುದಿಲ್ಲ. ಹೀಗಾಗಿ ಚಳಿಗಾಲದಲ್ಲಿ ಕರಾವಳಿಯಲ್ಲಿ ಹೇನಿಗೆ ಆಶ್ರಯ ಕೊಡುವ ಮೀನು ವಿರಳವಾಗಿ, ವಸಂತದಲ್ಲಿ ಹೊಳೆಯ ಮರಿಗಳು ಅಳಿವೆ ದಾಟಿ ಸಮುದ್ರಕ್ಕೆ ಇಳಿಯುವ ವೇಳೆಗೆ ಅಲ್ಲಿ ಹೇನಿನ ಕಾಟ ಕನಿಷ್ಠ ಮಟ್ಟದಲ್ಲಿರುತ್ತದೆ. ರೋಗ ಹೊತ್ತ ಹಿರಿಯ ಮೀನು ಮತ್ತು ಏನೂ ಕಾಣದ ಎಳೆಯ ಮೀನು ಪರಸ್ಪರ ಭೇಟಿಯಾಗದಂತೆ ಕಾಲವೇ ಒಂದು ಅಂತರವನ್ನು ಇಟ್ಟಿದೆ. ಬಲೆಪಂಜರ ಆ ಅಂತರವನ್ನು ಅಳಿಸಿಹಾಕುತ್ತದೆ. ಊರಿನ ಕರುಗಳೆಲ್ಲ ನಡೆದುಹೋಗಲೇಬೇಕಾದ ಓಣಿಯ ಪಕ್ಕದಲ್ಲಿ ಸೋಂಕಿರುವ ದನಗಳ ಕೊಟ್ಟಿಗೆಯನ್ನು ಕಟ್ಟಿದಂತೆ, ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳಾದ ಫ್ಯೋರ್ಡ್‌ನ ಇಕ್ಕಟ್ಟಾದ ನೀರಿನಲ್ಲಿ ಹನ್ನೆರಡು ತಿಂಗಳೂ ಬಲಿತ ಮೀನು ನಿಂತಿರುತ್ತದೆ.

ಕಡಲ ಹೇನು ಎಂಬುದು ನಿಜವಾದ ಹೇನಲ್ಲ. ಸಿಗಡಿಯ ದೂರದ ಬಂಧುವಾದ ಒಂದು ಸಣ್ಣ ಚಿಪ್ಪುಜೀವಿ. ಉತ್ತರ ಗೋಳಾರ್ಧದಲ್ಲಿ ಮುಖ್ಯವಾದದ್ದು ಲೆಪಿಯೋಫ್ಥೈರಸ್ ಸಾಲ್ಮೋನಿಸ್. ಚಿಲಿಯಲ್ಲಿ ಕಾಡುವುದು ಕ್ಯಾಲಿಗಸ್ ರೋಜರ್‌ಕ್ರೆಸ್ಸೆಯಿ. ಮೊಟ್ಟೆಯೊಡೆದ ಮರಿ ಕೆಲವು ದಿನ ನೀರಿನಲ್ಲಿ ತೇಲಿ, ಸೆಳೆತ ಒಯ್ದಲ್ಲಿಗೆ ಹೋಗಿ, ಸಾಲ್ಮನ್ ಸಿಕ್ಕ ಕೂಡಲೇ ಅಂಟಿಕೊಂಡು ಅದರ ಲೋಳೆ, ಚರ್ಮ, ರಕ್ತವನ್ನು ತಿಂದು ಬೆಳೆಯುತ್ತದೆ. ಐದು ಕಿಲೋ ತೂಗುವ ಮೀನಿಗೆ ನಾಲ್ಕೈದು ಹೇನು ದೊಡ್ಡ ವಿಷಯವಲ್ಲ. ಪೆಸಿಫಿಕ್‌ನ ಪಿಂಕ್ ಸಾಲ್ಮನ್ ಮರಿ ಸಮುದ್ರಕ್ಕೆ ಇಳಿಯುವಾಗ ಒಂದು ಗ್ರಾಂ ಕೂಡ ತೂಗುವುದಿಲ್ಲ, ಅದರ ಮೈಮೇಲೆ ಹುರುಪೆಯೂ ಬಲಿತಿರುವುದಿಲ್ಲ. ಅದಕ್ಕೆ ಒಂದೆರಡು ಹೇನು ಸಾಕು. ಚರ್ಮಕ್ಕೆ ಗಾಯವಾದ ಮರಿ ದೇಹದ ಉಪ್ಪುನೀರಿನ ಸಮತೋಲವನ್ನು ಕಳೆದುಕೊಳ್ಳುತ್ತದೆ, ಈಜು ನಿಧಾನವಾಗುತ್ತದೆ, ಬೇಟೆಗಾರ ಮೀನಿಗೆ ಮೊದಲು ಸಿಗುವುದು ಅದೇ.

ಈಗ ನಿಯಮದ ಲೆಕ್ಕಕ್ಕೆ ಬರೋಣ. ನಾರ್ವೆಯಲ್ಲಿ ಸಾಕಿದ ಮೀನೊಂದಕ್ಕೆ ಸರಾಸರಿ 0.5 ಬಲಿತ ಹೆಣ್ಣು ಹೇನು ಎಂಬುದು ಮಿತಿ. ಮರಿಗಳು ಸಮುದ್ರಕ್ಕಿಳಿಯುವ ವಸಂತದ ವಾರಗಳಲ್ಲಿ ಅದು 0.2. ಕೇಳುವುದಕ್ಕೆ ಬಹಳ ಕಟ್ಟುನಿಟ್ಟು. ಆದರೆ 2,00,000 ಮೀನಿರುವ ಪಂಜರದಲ್ಲಿ 0.2 ಎಂದರೂ 40,000 ಹೆಣ್ಣು ಹೇನುಗಳು; ಪ್ರತಿಯೊಂದೂ ಒಂದು ಜೊತೆ ಮೊಟ್ಟೆಸರವನ್ನು ಹೊತ್ತಿರುತ್ತದೆ, ಒಂದೊಂದು ಸರದಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಒಂದು ಸಾಕಣೆ ತಾಣದಲ್ಲಿ ಇಂಥ ಪಂಜರಗಳು ಹಲವಿರುತ್ತವೆ, ಒಂದು ಫ್ಯೋರ್ಡ್‌ನಲ್ಲಿ ತಾಣಗಳೂ ಹಲವಿರುತ್ತವೆ. ನಿಯಮ ಎಣಿಸುವುದು ಮೀನೊಂದಕ್ಕೆ ಎಷ್ಟು ಎಂದು. ಹೊರಗಿನ ಮರಿ ಎದುರಿಸುವುದು ಒಟ್ಟು ಎಷ್ಟು ಎಂಬುದನ್ನು. ಪ್ರತಿ ಮೀನಿನ ಲೆಕ್ಕ ಒಂದಿಷ್ಟೂ ಏರದಿದ್ದರೂ ಸಾಕುವ ಮೀನಿನ ಸಂಖ್ಯೆ ಇಮ್ಮಡಿಯಾದರೆ ಹೊರಗಿನ ಅಪಾಯವೂ ಇಮ್ಮಡಿಯಾಗುತ್ತದೆ. ಮಿತಿಯೊಳಗೆ ಇದ್ದೇವೆ ಎಂದು ಉತ್ಪಾದಕರು ಜಾಹೀರಾತಿನಲ್ಲಿ ಹೇಳಿಕೊಳ್ಳುವಾಗ ಅದು ನಿಜವೇ ಇರಬಹುದು, ಆದರೂ ಆ ಮಾತಿಗೆ ನಾನು ಹೆಚ್ಚು ಅಂಕ ಕೊಡದಿರುವುದು ಈ ಕಾರಣಕ್ಕೆ.

ಈ ಕೊರತೆಯನ್ನು ನಾರ್ವೆ ಸರ್ಕಾರವೇ ಗುರುತಿಸಿದೆ ಎನ್ನುವುದಕ್ಕೆ 2017ರಲ್ಲಿ ಜಾರಿಗೆ ಬಂದ ಸಂಚಾರ ದೀಪದ ವ್ಯವಸ್ಥೆ ಸಾಕ್ಷಿ. ಕರಾವಳಿಯನ್ನು 13 ಉತ್ಪಾದನಾ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲಿ ಹೇನಿನಿಂದ ಸಾಯುವ ಸಹಜ ಮರಿಗಳ ಪ್ರಮಾಣವನ್ನು ಅಂದಾಜು ಮಾಡಲಾಗುತ್ತದೆ. ಅದು ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಹಸಿರು, ಶೇಕಡಾ 30ನ್ನು ಮೀರಿದರೆ ಕೆಂಪು, ನಡುವೆ ಹಳದಿ. ಹಸಿರು ವಲಯದಲ್ಲಿ ಸಾಮರ್ಥ್ಯವನ್ನು ಶೇಕಡಾ 6ರಷ್ಟು ಹೆಚ್ಚಿಸಲು ಅವಕಾಶ, ಕೆಂಪಿನಲ್ಲಿ ಅಷ್ಟೇ ಕಡಿತ. ಸಾಕಿದ ಮೀನಿನ ಆರೋಗ್ಯವನ್ನಲ್ಲ, ಹೊರಗಿನ ಮೀನಿನ ಸಾವನ್ನು ಅಳತೆಗೋಲಾಗಿ ಇಟ್ಟುಕೊಂಡ ಈ ನಿಯಮ ನಾನು ನೋಡಿದವುಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ಹತ್ತರಲ್ಲಿ ಒಂದು ಮರಿ ಸಾಯುವುದನ್ನು ಹಸಿರು ಎಂದು ಕರೆಯಬಹುದೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಮುದ್ರದಿಂದ ನಾರ್ವೆಯ ಹೊಳೆಗಳಿಗೆ ಮರಳುವ ಸಾಲ್ಮನ್ 1980ರ ದಶಕಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆಯಾಗಿದೆ. 2024ರ ಜೂನ್‌ನಲ್ಲಿ 33 ಹೊಳೆಗಳಲ್ಲಿ ಮೀನು ಹಿಡಿಯುವುದನ್ನು ಋತುವಿನ ನಡುವೆಯೇ ನಿಲ್ಲಿಸಬೇಕಾಯಿತು. ಅದಕ್ಕೆಲ್ಲ ಸಾಕಣೆಯೊಂದೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಸಮುದ್ರದ ಬಿಸಿ ಏರುತ್ತಿದೆ, ತೆರೆದ ಸಾಗರದಲ್ಲಿ ಆಹಾರ ಬದಲಾಗುತ್ತಿದೆ. ಆದರೆ ಸೊರಗಿರುವ ಸಂತತಿಯ ಮೇಲೆ ಬೀಳುವ ಹೆಚ್ಚುವರಿ ಹೊರೆ, ಪುಷ್ಟವಾಗಿದ್ದಾಗ ಬಿದ್ದ ಹೊರೆಯಷ್ಟು ಹಗುರವಲ್ಲ.

ಹೇನಿನ ಹಾನಿ ಎಷ್ಟು ಎಂಬ ಬಗ್ಗೆ ಐರ್ಲೆಂಡಿನಲ್ಲಿ ನಡೆದ ವಾದವನ್ನು ಕೊಳ್ಳುವವರು ತಿಳಿದಿರುವುದು ಒಳ್ಳೆಯದು, ಏಕೆಂದರೆ ಉದ್ಯಮದ ಪ್ರಚಾರದಲ್ಲಿ ಅದರ ಅರ್ಧ ಭಾಗ ಮಾತ್ರ ಕಾಣಿಸುತ್ತದೆ. ಅಲ್ಲಿ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೇನು ನಿರೋಧಕ ಔಷಧ ಕೊಟ್ಟು, ಇನ್ನೊಂದಕ್ಕೆ ಕೊಡದೆ ಸಮುದ್ರಕ್ಕೆ ಬಿಟ್ಟು, ಎಷ್ಟು ಮರಳಿ ಬಂದವೆಂದು ಎಣಿಸಿದರು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಸುಮಾರು ಶೇಕಡಾ 1 ಮಾತ್ರ ಎಂದು 2013ರಲ್ಲಿ ಒಂದು ತಂಡ ಬರೆಯಿತು. ಅದೇ ಅಂಕಿಗಳನ್ನು ಮರಳಿ ನೋಡಿದ ಇನ್ನೊಂದು ತಂಡ, ಮರಳುವ ಮೀನಿನಲ್ಲಿ ಸುಮಾರು ಮೂರನೆಯ ಒಂದು ಭಾಗ ನಷ್ಟವಾಗಿದೆ ಎಂದಿತು. ಗೊಂದಲ ಅಂಕಗಣಿತದ್ದು. ಸಮುದ್ರಕ್ಕೆ ಹೋದ ನೂರು ಮರಿಗಳಲ್ಲಿ ಮರಳುವುದೇ ಬೆರಳೆಣಿಕೆಯಷ್ಟು. ಉದಾಹರಣೆಗೆ ಮೂರು ಮರಳಬೇಕಾದಲ್ಲಿ ಎರಡು ಮರಳಿದರೆ, ನೂರರ ಲೆಕ್ಕದಲ್ಲಿ ಅದು ಒಂದು, ಹೊಳೆಯ ಲೆಕ್ಕದಲ್ಲಿ ಮೂರರಲ್ಲೊಂದು. ಮೊಟ್ಟೆಯಿಡುವುದು ಮರಳಿದ ಮೀನೇ ಆದ್ದರಿಂದ ಎರಡನೆಯ ಲೆಕ್ಕವೇ ಸರಿಯೆಂಬುದು ನನ್ನ ತೀರ್ಮಾನ.

ವೈರಸ್‌ಗಳ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತನಾಡಲು ಸಾಧ್ಯವಿಲ್ಲ. ಸೋಂಕು ಹತ್ತಿದ ಸಹಜ ಮೀನು ಸಮುದ್ರದಲ್ಲಿ ಸತ್ತು ಮುಳುಗುತ್ತದೆ ಅಥವಾ ಇನ್ನೊಂದರ ಬಾಯಿಗೆ ಹೋಗುತ್ತದೆ; ಎಣಿಸುವುದಕ್ಕೆ ಹೆಣ ಸಿಗುವುದಿಲ್ಲ. ಸಾಕಣೆಯ ಒಳಗೆ ವೈರಸ್ ಎಷ್ಟು ವೇಗವಾಗಿ ಹರಡಬಲ್ಲದು ಎಂಬುದನ್ನು ಚಿಲಿ ತೋರಿಸಿತು. 1984ರಲ್ಲಿ ನಾರ್ವೆಯಲ್ಲಿ ಮೊದಲು ಗುರುತಿಸಲಾದ ಸಾಂಕ್ರಾಮಿಕ ರಕ್ತಹೀನತೆಯ ವೈರಸ್ 2007ರಲ್ಲಿ ಚಿಲಿಯ ತಾಣಗಳಲ್ಲಿ ಸ್ಫೋಟಗೊಂಡು, ಮೂರು ವರ್ಷಗಳಲ್ಲಿ ಆ ದೇಶದ ಅಟ್ಲಾಂಟಿಕ್ ಸಾಲ್ಮನ್ ಉತ್ಪಾದನೆಯನ್ನು ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿಸಿತು. ಚಿಲಿಯಲ್ಲಿ ಸಾಲ್ಮನ್ ಮೂಲನಿವಾಸಿಯೇ ಅಲ್ಲದ್ದರಿಂದ ಅಲ್ಲಿ ಸಹಜ ಸಾಲ್ಮನ್ ಕಳೆದುಕೊಳ್ಳುವ ಮಾತಿರಲಿಲ್ಲ. ಆ ಮಾತು ಇರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ.

ಅಲ್ಲಿನ ಫ್ರೇಸರ್ ನದಿಗೆ 2009ರಲ್ಲಿ ಒಂದು ಕೋಟಿಗೂ ಹೆಚ್ಚು ಸಾಕ್‌ಐ ಸಾಲ್ಮನ್ ಮರಳುತ್ತದೆ ಎಂಬ ನಿರೀಕ್ಷೆಯಿತ್ತು. ಬಂದದ್ದು 15 ಲಕ್ಷದ ಆಸುಪಾಸು. ನ್ಯಾಯಮೂರ್ತಿ ಬ್ರೂಸ್ ಕೋಹೆನ್ ನೇತೃತ್ವದ ಆಯೋಗ 2012ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿ ಯಾವುದೇ ಒಂದು ಕಾರಣದ ಮೇಲೆ ಬೆರಳಿಡಲಿಲ್ಲ. ಆದರೂ ಮರಿಗಳ ವಲಸೆಯ ದಾರಿಯಲ್ಲಿರುವ ಡಿಸ್ಕವರಿ ದ್ವೀಪಗಳಲ್ಲಿ, ಅಪಾಯ ಕನಿಷ್ಠವೆಂದು ಮನವರಿಕೆಯಾಗದ ಹೊರತು, 2020ರ ಸೆಪ್ಟೆಂಬರ್ 30ರ ಹೊತ್ತಿಗೆ ಬಲೆಪಂಜರಗಳನ್ನು ನಿಷೇಧಿಸಬೇಕು ಎಂದಿತು. ಕೆನಡಾದ ಮೀನುಗಾರಿಕೆ ಇಲಾಖೆ ಒಂಬತ್ತು ರೋಗಕಾರಕಗಳನ್ನು ಪರಿಶೀಲಿಸಿ ಎಲ್ಲವೂ ಕನಿಷ್ಠ ಅಪಾಯದವು ಎಂದು 2020ರಲ್ಲಿ ಹೇಳಿತು. ಕಡಲ ಹೇನು ಆ ಒಂಬತ್ತರಲ್ಲಿ ಇರಲಿಲ್ಲ, ಒಂಬತ್ತೂ ಒಟ್ಟಾಗಿ ತಗಲಿದರೆ ಏನಾಗುತ್ತದೆ ಎಂಬ ಲೆಕ್ಕವೂ ಇರಲಿಲ್ಲ. ಅದೇ ವರ್ಷ ಪ್ರಕಟವಾದ ಒಂದು ಅಧ್ಯಯನ ಸಮುದ್ರದ ನೀರಿನಲ್ಲಿ ರೋಗಕಾರಕಗಳ ಡಿಎನ್‌ಎ ಹುಡುಕಿ, ಮೀನಿರುವ ತಾಣಗಳ ಬಳಿ ಅದು ಸಿಗುವ ಸಾಧ್ಯತೆ ಖಾಲಿ ತಾಣಗಳಿಗಿಂತ ಸುಮಾರು 2.7 ಪಟ್ಟು ಹೆಚ್ಚೆಂದು ತೋರಿಸಿತು.

ಪಿಸೈನ್ ಆರ್ಥೋರಿಯೋವೈರಸ್ ಎಂಬುದರ ಕಥೆ ಇನ್ನೂ ಜಟಿಲ. ನಾರ್ವೆಯಲ್ಲಿ ಸಾಕಿದ ಸಾಲ್ಮನ್ನಿನ ಹೃದಯ ಮತ್ತು ಸ್ನಾಯುಗಳಿಗೆ ಉರಿಯೂತ ತರುವುದು ಇದೇ ಎಂದು 2017ರಲ್ಲಿ ಸಾಬೀತಾಯಿತು. ಕೆನಡಾದ ಪೆಸಿಫಿಕ್ ತೀರದಲ್ಲಿ ಅದು ಚಿನೂಕ್ ಸಾಲ್ಮನ್ನಿಗೆ ಕಾಮಾಲೆ ಮತ್ತು ರಕ್ತಹೀನತೆ ತರುವುದಕ್ಕೆ ಸಂಬಂಧಿಸಿದೆ ಎಂದು ಒಂದು ತಂಡ ಹೇಳಿದರೆ, ಪ್ರಯೋಗಾಲಯದಲ್ಲಿ ಸೋಂಕು ತಗಲಿಸಿದಾಗ ಗಮನಾರ್ಹ ಕಾಯಿಲೆ ಕಾಣಲಿಲ್ಲ ಎಂದು ಇನ್ನೊಂದು ತಂಡ ಹೇಳಿತು. ವೈರಸ್‌ನ ವಂಶಾವಳಿಯನ್ನು ಬಿಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅದು ಅಟ್ಲಾಂಟಿಕ್ ಕಡೆಯಿಂದ ಸುಮಾರು ಮೂರು ದಶಕಗಳ ಹಿಂದೆ ಬಂದಿದೆ, ಸಾಕಣೆ ತಾಣಗಳಿಗೆ ಹತ್ತಿರವಿರುವ ಚಿನೂಕ್‌ಗಳಲ್ಲಿ ಸೋಂಕು ಹೆಚ್ಚಾಗಿದೆ ಎಂದಿತು. ಪ್ರಯೋಗಾಲಯದ ಸ್ವಚ್ಛ ನೀರಿನಲ್ಲಿ ಹೊಟ್ಟೆತುಂಬ ತಿಂದು ಬದುಕುವ ಮೀನಿನ ಫಲಿತಾಂಶವನ್ನು, ಬಿಸಿಯೇರಿದ ಹೊಳೆಯಲ್ಲಿ ನೂರಾರು ಕಿಲೋಮೀಟರ್ ಎದುರೀಜಬೇಕಾದ ಮೀನಿಗೆ ಹಾಗೆಯೇ ಅನ್ವಯಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ವಿರೋಧಿಗಳ ಮಾತನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಬ್ರಿಟಿಷ್ ಕೊಲಂಬಿಯಾದ ಬ್ರೌಟನ್ ದ್ವೀಪಸಮೂಹದ ಪಿಂಕ್ ಸಾಲ್ಮನ್ ಹೇನಿನ ಕಾಟದಿಂದ ನಾಲ್ಕು ತಲೆಮಾರಿನೊಳಗೆ ಬಹುತೇಕ ನಿರ್ನಾಮವಾಗಬಹುದೆಂದು 2007ರಲ್ಲಿ ಪ್ರಕಟವಾದ ಅಂದಾಜು ನಿಜವಾಗಲಿಲ್ಲ. ಮರಿಗಳು ಸಮುದ್ರಕ್ಕಿಳಿಯುವ ಮೊದಲೇ ಪಂಜರಗಳಿಗೆ ಔಷಧ ಕೊಡುವ ಪದ್ಧತಿ ಬಂದ ಮೇಲೆ ಹೇನು ತಗ್ಗಿತು, ಮೀನು ಸಾವರಿಸಿಕೊಂಡಿತು. ಸಾಕಣೆದಾರರು ಇದನ್ನು ತಮ್ಮ ಪರವಾದ ಸಾಕ್ಷ್ಯವೆಂದು ಮುಂದಿಡುತ್ತಾರೆ. ಪಂಜರಕ್ಕೆ ಔಷಧ ಕೊಟ್ಟಾಗ ಹೊರಗಿನ ಮೀನಿನ ಹೇನು ಇಳಿಯುತ್ತದೆ ಎಂದಾದರೆ ಆ ಹೇನು ಎಲ್ಲಿಂದ ಬರುತ್ತಿತ್ತು ಎಂಬುದಕ್ಕೂ ಅದೇ ಸಾಕ್ಷ್ಯ.

ಔಷಧದ ಆಯಸ್ಸು ದೊಡ್ಡದಲ್ಲ ಎಂಬುದು ಇನ್ನೊಂದು ತೊಡಕು. ಆಹಾರದಲ್ಲಿ ಬೆರೆಸುವ ಎಮಾಮೆಕ್ಟಿನ್ ಬೆಂಜೋಯೇಟ್‌ಗೆ ಹೇನು ಹಲವೆಡೆ ಒಗ್ಗಿಹೋಗಿದೆ. ಅದರ ಬದಲಿಗೆ ಬಂದ ಬಿಸಿನೀರಿನ ಸ್ನಾನ, ನೀರಿನ ಚಿಮ್ಮು, ಕುಂಚಗಳ ಉಜ್ಜು ಇವು ಹೇನನ್ನು ಉದುರಿಸುತ್ತವೆ, ಆದರೆ ಮೀನಿನ ಮೈಗೆ ಪೆಟ್ಟಾಗಿ ಸಾವು ಹೆಚ್ಚುತ್ತದೆ. ಹೇನು ತಿನ್ನಲೆಂದು ಬಿಡುವ ಲಂಪ್‌ಫಿಶ್ ಮತ್ತು ರಾಸ್ ಮೀನುಗಳೂ ಪಂಜರದೊಳಗೆ ಭಾರಿ ಸಂಖ್ಯೆಯಲ್ಲಿ ಸಾಯುತ್ತವೆ. ಮೆಚ್ಚಬೇಕಾದ ಒಂದು ಸಾಧನೆಯಿದೆ. ಬ್ಯಾಕ್ಟೀರಿಯಾದಿಂದ ಬರುವ ಫ್ಯೂರಂಕ್ಯುಲೋಸಿಸ್ ರೋಗ 1985ರಲ್ಲಿ ಸ್ಕಾಟ್ಲೆಂಡಿನಿಂದ ತರಿಸಿದ ಮರಿಗಳ ಜೊತೆ ನಾರ್ವೆಗೆ ಬಂದು ಸಾಕಣೆಯಿಂದ ಹೊಳೆಗಳಿಗೂ ಹರಡಿತು. ಚುಚ್ಚುಮದ್ದಿನ ಲಸಿಕೆ ಬಂದ ಮೇಲೆ ಅಲ್ಲಿ ರೋಗವೂ ಇಳಿಯಿತು, 1987ರಲ್ಲಿ ಸುಮಾರು 50 ಟನ್ ಇದ್ದ ಪ್ರತಿಜೀವಕಗಳ ಬಳಕೆಯೂ ಒಂದು ಟನ್‌ಗಿಂತ ಕೆಳಗಿಳಿಯಿತು. ಪ್ರತಿಜೀವಕದ ದೃಷ್ಟಿಯಿಂದ ನಾರ್ವೆಯ ತುಂಡಿಗೂ ವರ್ಷಕ್ಕೆ ನೂರಾರು ಟನ್ ಬಳಸುವ ಚಿಲಿಯ ತುಂಡಿಗೂ ಅಜಗಜಾಂತರ. ಹೇನಿಗೆ ಅಷ್ಟು ಪರಿಣಾಮಕಾರಿಯಾದ ಲಸಿಕೆ ಇನ್ನೂ ಬಂದಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಪೊಟ್ಟಣದ ಚೀಟಿಯನ್ನು ಓದಿದರೆ ನಿರಾಶೆಯಾಗುತ್ತದೆ. ಸಾಕಿದ್ದು ಎಂಬ ಮಾತು ಮತ್ತು ದೇಶದ ಹೆಸರು ಯುರೋಪ್, ಅಮೆರಿಕಗಳಲ್ಲಿ ಕಡ್ಡಾಯ. ಅದರಾಚೆಗೆ ಹೆಚ್ಚೇನೂ ಇರುವುದಿಲ್ಲ. ನಾರ್ವೆಯಲ್ಲಿ ಪ್ರತಿ ತಾಣದ ಹೇನಿನ ಎಣಿಕೆ ವಾರವಾರವೂ ಬ್ಯಾರೆಂಟ್ಸ್‌ವಾಚ್ ಜಾಲತಾಣದಲ್ಲಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ನೋಡಬಹುದು. ಅಂದರೆ ಮಾಹಿತಿ ಇದೆ. ಈ ತುಂಡು ಯಾವ ತಾಣದ್ದು, ಯಾವ ಬಣ್ಣದ ವಲಯದ್ದು ಎಂಬ ಒಂದೇ ಸಾಲು ಚೀಟಿಯಲ್ಲಿ ಇಲ್ಲದ್ದರಿಂದ ಆ ಮಾಹಿತಿ ಕೊಳ್ಳುವವರಿಗೆ ಕೆಲಸಕ್ಕೆ ಬರುವುದಿಲ್ಲ. ಸಾಕಣೆಯ ಕ್ರಮವನ್ನು ಪ್ರಮಾಣೀಕರಿಸುವ ಸಂಸ್ಥೆಯಾದ ಅಕ್ವಾಕಲ್ಚರ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಮುದ್ರೆ ಇರುವುದು ಇಲ್ಲದಿರುವುದಕ್ಕಿಂತ ಮೇಲು. 2012ರ ಅದರ ಸಾಲ್ಮನ್ ಮಾನದಂಡ ಸೂಕ್ಷ್ಮ ಋತುವಿನಲ್ಲಿ ಮೀನೊಂದಕ್ಕೆ 0.1 ಹೆಣ್ಣು ಹೇನು ಎಂಬ ಬಿಗಿಯಾದ ಮಿತಿಯನ್ನು ಇಟ್ಟಿತ್ತು, ಎಣಿಕೆಯನ್ನು ಬಹಿರಂಗಪಡಿಸಬೇಕೆಂದೂ ಹೇಳಿತ್ತು. ಆಮೇಲೆ ಆ ಮಿತಿಗೆ ವಿನಾಯಿತಿಗಳು ಸಿಕ್ಕವು, ಅದು ಪ್ರದೇಶವಾರು ಸಡಿಲವೂ ಆಯಿತು. ಮುದ್ರೆ ನೋಡಿ ಹೊರಗಿನ ಮೀನು ಕ್ಷೇಮವೆಂದು ತಿಳಿಯುವುದು ಮುದ್ರೆ ಹೇಳದ ಮಾತನ್ನು ಅದರ ಬಾಯಲ್ಲಿ ಇಟ್ಟಂತೆ. ರುಚಿಗೆ ಐದರಲ್ಲಿ ನಾಲ್ಕು, ಚೀಟಿಗೆ ಒಂದೂವರೆ ಎಂಬುದು ನನ್ನ ಅಂಕ.

ಸರ್ಕಾರಗಳು ಬಲೆಯ ಬಗ್ಗೆ ಒಂದೊಂದಾಗಿ ತೀರ್ಮಾನ ತೆಗೆದುಕೊಳ್ಳುತ್ತಿವೆ. ಅಲಾಸ್ಕ ರಾಜ್ಯ 1990ರಲ್ಲಿಯೇ ಮೀನು ಸಾಕಣೆಯನ್ನು ನಿಷೇಧಿಸಿತು. ವಾಷಿಂಗ್ಟನ್ ರಾಜ್ಯದ ಸೈಪ್ರಸ್ ದ್ವೀಪದ ಬಳಿ 2017ರ ಆಗಸ್ಟ್‌ನಲ್ಲಿ ಪಂಜರ ಕುಸಿದು ಎರಡು ಲಕ್ಷಕ್ಕೂ ಹೆಚ್ಚು ಅಟ್ಲಾಂಟಿಕ್ ಸಾಲ್ಮನ್ ತಪ್ಪಿಸಿಕೊಂಡ ಮೇಲೆ ಆ ರಾಜ್ಯ ಪರಕೀಯ ಮೀನನ್ನು ಬಲೆಯಲ್ಲಿ ಸಾಕುವುದನ್ನು ಕೊನೆಗೊಳಿಸುವ ಕಾನೂನು ತಂದಿತು. ಬ್ರಿಟಿಷ್ ಕೊಲಂಬಿಯಾದ ತೀರದಲ್ಲಿ ತೆರೆದ ಬಲೆಗಳಿಗೆ 2029ರ ಜೂನ್ 30 ಕೊನೆಯ ದಿನವೆಂದು ಕೆನಡಾ ಸರ್ಕಾರ 2024ರ ಜೂನ್‌ನಲ್ಲಿ ಘೋಷಿಸಿದೆ.

ಹಾಗಾದರೆ ಬದಲಿಗೆ ಏನನ್ನು ಕೊಳ್ಳಬಹುದು? ಅಲಾಸ್ಕದ ಸಹಜ ಸಾಕ್‌ಐ ಕೊಬ್ಬು ಕಡಿಮೆಯ, ಗಟ್ಟಿ ಮಾಂಸದ, ಗಾಢ ರುಚಿಯ ಮೀನು. ಬೇಯಿಸುವಾಗ ಎಚ್ಚರ ಬೇಕು, ತಾಜಾ ಸಿಗುವುದು ಬೇಸಿಗೆಯಲ್ಲಿ ಮಾತ್ರ, ಉಳಿದ ಕಾಲದಲ್ಲಿ ಘನೀಕರಿಸಿದ್ದೇ ಗತಿ. ನೆಲದ ಮೇಲಿನ ತೊಟ್ಟಿಯಲ್ಲಿ ನೀರನ್ನು ಶುದ್ಧೀಕರಿಸಿ ಮರಳಿ ಬಳಸುತ್ತ ಬೆಳೆಸಿದ ಅಟ್ಲಾಂಟಿಕ್ ಸಾಲ್ಮನ್ ಇನ್ನೊಂದು ಆಯ್ಕೆ. ವ್ಯಾಂಕೂವರ್ ದ್ವೀಪದಲ್ಲಿ ನಾಮ್ಗಿಸ್ ಮೂಲನಿವಾಸಿಗಳು ಆರಂಭಿಸಿದ ಕುಟೆರಾ ತಾಣ 2014ರಲ್ಲಿ ಇಂಥ ಮೀನನ್ನು ಮಾರುಕಟ್ಟೆಗೆ ತಂದಿತು. ಹೊರಗಿನ ಮೀನಿಗೆ ರೋಗ ಹರಡುವ ದಾರಿಯನ್ನು ಇದು ಬಹುಮಟ್ಟಿಗೆ ಮುಚ್ಚುತ್ತದೆ. ಅದರ ಬೆಲೆ ಹೆಚ್ಚು, ವಿದ್ಯುತ್ತಿನ ಖರ್ಚು ದೊಡ್ಡದು, ಕೊನೆಯ ದಿನಗಳಲ್ಲಿ ಶುದ್ಧ ನೀರಿನಲ್ಲಿ ಸರಿಯಾಗಿ ಇಡದಿದ್ದರೆ ಮಾಂಸಕ್ಕೆ ಮಣ್ಣಿನ ವಾಸನೆ ಹತ್ತುತ್ತದೆ. ಈ ದೋಷಗಳೆಲ್ಲ ಕೊಳ್ಳುವವರಿಗೆ ನೇರವಾಗಿ ಗೊತ್ತಾಗುವಂಥವು ಎಂಬ ಕಾರಣಕ್ಕೆ ನಾನು ಅವನ್ನು ಕ್ಷಮಿಸುತ್ತೇನೆ.

ಇವೆರಡರ ನಡುವೆ ಅರೆಮುಚ್ಚಿದ ಪಂಜರದ ಮೀನು ಎಂಬ ಮೂರನೆಯದೊಂದು ಕಾಣಿಸಿಕೊಳ್ಳತೊಡಗಿದೆ. ಬಲೆಯ ಬದಲಿಗೆ ಗಟ್ಟಿ ಗೋಡೆಯಿರುವ, ಸಮುದ್ರದಲ್ಲಿಯೇ ತೇಲುವ ಈ ತೊಟ್ಟಿಗಳು ಹೇನಿನ ಮರಿಗಳು ವಿರಳವಾಗಿರುವ ಆಳದಿಂದ ನೀರನ್ನು ಎಳೆದುಕೊಳ್ಳುತ್ತವೆ. ಹೇನನ್ನು ಅವು ಚೆನ್ನಾಗಿ ತಡೆಯುತ್ತವೆ. ಒಳಗೆ ಬರುವ ಮತ್ತು ಹೊರಗೆ ಹೋಗುವ ನೀರನ್ನು ಸಂಸ್ಕರಿಸದಿದ್ದರೆ ವೈರಸ್ ಮಾತ್ರ ಮೊದಲಿನಂತೆಯೇ ಓಡಾಡುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಮುಚ್ಚಿದ ವ್ಯವಸ್ಥೆ ಎಂಬ ಮಾತು ಕಂಡರೆ, ಆ ತೊಟ್ಟಿ ನೆಲದ ಮೇಲಿನದೋ ನೀರಿನ ಮೇಲಿನದೋ, ನೀರಿನ ಮೇಲಿನದಾದರೆ ಹೊರಬಿಡುವ ನೀರನ್ನು ಸೋಸಿ ಸೋಂಕು ತೆಗೆಯುತ್ತಾರೋ ಇಲ್ಲವೋ ಎಂದು ಮಾರುವವರನ್ನು ಕೇಳಿ ತಿಳಿದುಕೊಂಡ ಮೇಲೆಯೇ ಹೆಚ್ಚಿನ ಬೆಲೆ ಕೊಡಬೇಕು.